ಅಂಗಳ ಯಾರದ್ದೋ, ನಿಯಮವೂ ಅವರದ್ದೇ

ಓದುಗರ ಪತ್ರ (2012ರ ಆರಂಭದಲ್ಲಿ ಬರೆದದ್ದು)

ಸಂಪಾದಕರೇ, ಕ್ಯಾಪ್‌ಕಾಮ್‌ನ ಸ್ಟ್ರೀಟ್ ಫೈಟರ್, ನ್ಯಾಮ್ಕೊದ ಟೆಕ್ಕೆನ್ ಎಂಬ ಎರಡು ಹೊಡೆದಾಟದ ವಿಡಿಯೊ ಗೇಮ್‌ಗಳ ಪಾತ್ರಗಳನ್ನು ಎದುರುಬದುರು ನಿಲ್ಲಿಸಿ, ಮಾರ್ಚ್‌ನಲ್ಲಿ ಬರಲಿರುವ ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್’ ಬಗ್ಗೆ ನೀವು ಎರಡು ಪುಟ ಹೊಗಳಿದ್ದೀರಿ. ನಾನು ಟೆಕ್ಕೆನ್ ಆಡಿಕೊಂಡೇ ದೊಡ್ಡವನಾದವನು. ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಟೆಕ್ಕೆನ್‌ನ ನಮ್ಮ ಕಝುಯಾನನ್ನು ತಗೊಂಡು ಹೋಗಿ ಸ್ಟ್ರೀಟ್ ಫೈಟರ್ ಒಳಗೆ ನಿಲ್ಲಿಸಿದ್ದಾರೆ. ಅವನಿಗೆ ಸೈಡ್‌ಸ್ಟೆಪ್ (ಪಕ್ಕಕ್ಕೆ ಸರಿಯುವ ಹೆಜ್ಜೆ) ಕೂಡ ಇಲ್ಲ. ಸ್ಟ್ರೀಟ್ ಫೈಟರ್‌ನ ರ್ಯು ದೂರದಲ್ಲಿ ನಿಂತು ಹಡೋಕೆನ್ (ಅಂಗೈಯಿಂದ ಎಸೆಯುವ ಶಕ್ತಿಯ ಚೆಂಡು) ಎಸೆಯುತ್ತಾ ಇದ್ದರೆ ಕಝುಯಾ ಕೈಕಟ್ಟಿ ನಿಲ್ಲಬೇಕಾ? ಎರಡು ಕಂಪನಿಗಳೂ ಕೂತು, ಅರ್ಧ ಇವರದ್ದು ಅರ್ಧ ಅವರದ್ದು ಅಂತ ಒಂದೇ ಗೇಮ್ ಮಾಡಬಹುದಿತ್ತು. ಅಭಿಮಾನಿಗಳ ಜೇಬಿಗೆ ಕೈ ಹಾಕುವ ಉಪಾಯ ಅಷ್ಟೇ ಅಲ್ವಾ ಇದು?
— ಒಬ್ಬ ಟೆಕ್ಕೆನ್ ಅಭಿಮಾನಿ

ಸಂಪಾದಕರ ಉತ್ತರ

ನಿಮ್ಮ ಪತ್ರ ನಮ್ಮ ಕಚೇರಿಯಲ್ಲಿ ಎಲ್ಲರ ಕೈಯಲ್ಲೂ ಓಡಾಡಿತು. ಇಬ್ಬರು ನಿಮ್ಮ ಪರ, ಮೂವರು ವಿರುದ್ಧ. ನಾನು ಯಾವ ಕಡೆ ಅಂತ ಕೇಳಿದರೆ, ನಿಮ್ಮ ಭಯ ನಿಜವಾದದ್ದೇ, ಆದರೆ ನೀವು ಹೇಳಿದ ಪರಿಹಾರ ಮಾತ್ರ ಸರಿಯಿಲ್ಲ.

ಮೊದಲು ಸೈಡ್‌ಸ್ಟೆಪ್ ವಿಷಯ. ಸ್ವಲ್ಪ ತಮಾಷೆ ಮಾಡುತ್ತೇನೆ, ಬೇಜಾರಾಗಬೇಡಿ. ಟೆಕ್ಕೆನ್ ಶುರುವಾಗಿದ್ದು 1994ರಲ್ಲಿ. ಎಲ್ಲ ಪಾತ್ರಗಳಿಗೂ ಸೈಡ್‌ಸ್ಟೆಪ್ ಸಿಕ್ಕಿದ್ದು 1997ರ ಟೆಕ್ಕೆನ್ 3ರಲ್ಲಿ. ಆ ಗೇಮ್‌ನಲ್ಲಿ ನಿಮ್ಮ ಕಝುಯಾ ಇರಲೇ ಇಲ್ಲ! ಅವನ ಹೆಸರು, ಅವನ ಗತ್ತು ಎಲ್ಲವೂ ಅದಕ್ಕಿಂತ ಮೊದಲೇ ಗಟ್ಟಿಯಾಗಿತ್ತು. ಹಾಗಾಗಿ ಸೈಡ್‌ಸ್ಟೆಪ್ ಹೋದ ತಕ್ಷಣ ಕಝುಯಾ ಕಝುಯಾ ಆಗಿ ಉಳಿಯುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಹಡೋಕೆನ್ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಈ ಗೇಮ್‌ನ ಇಡೀ ಗಂಟು ಇರುವುದೇ ಅಲ್ಲಿ.

ಟೆಕ್ಕೆನ್‌ನಲ್ಲಿ ನಾಲ್ಕು ಬಟನ್. ಎಡಗೈ, ಬಲಗೈ, ಎಡಗಾಲು, ಬಲಗಾಲು. ಅದನ್ನು ಆಡುವವರು ಮೈಯ ಲೆಕ್ಕದಲ್ಲಿ ಯೋಚಿಸುತ್ತಾರೆ. ಯಾವ ಕೈ ಆದಮೇಲೆ ಯಾವ ಕಾಲು, ಎದುರಾಳಿ ಗಾಳಿಯಲ್ಲಿ ತೇಲಿದಾಗ ಇನ್ನೆಷ್ಟು ಹೊಡೆತ ಸೇರಿಸಬಹುದು, ಹೀಗೆ. ಸ್ಟ್ರೀಟ್ ಫೈಟರ್‌ನಲ್ಲಿ ಆರು ಬಟನ್. ಮೂರು ಗುದ್ದು, ಮೂರು ಒದೆತ, ಎರಡರಲ್ಲೂ ಮೆಲ್ಲಗೆ, ಮಧ್ಯಮ, ಜೋರು. ಇಲ್ಲಿ ಯೋಚನೆ ಪೂರ್ತಿ ದೂರದ್ದು. ಇಷ್ಟು ದೂರದಲ್ಲಿದ್ದರೆ ಈ ಒದೆತ ತಾಗುತ್ತದೆ, ಇನ್ನೊಂದು ಹೆಜ್ಜೆ ಹಿಂದೆ ಇದ್ದರೆ ತಾಗಲ್ಲ. ಆ ದೂರವನ್ನು ಕಾಯುವ ಕಾವಲುಗಾರನೇ ಹಡೋಕೆನ್. ಅದು ತಾಗಿದರೆ ಆಗುವ ನೋವು ದೊಡ್ಡದಲ್ಲ. ಅದು ಎದುರಾಳಿಯನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ, ಅಷ್ಟೇ ಅದರ ಕೆಲಸ. ತಡೆದರೆ ಜಾಗ ಬಿಟ್ಟುಕೊಟ್ಟ ಹಾಗೆ. ಹಾರಿದರೆ ಕೆಳಗೆ ಶೋರ್ಯುಕೆನ್, ಅಂದರೆ ಮೇಲಕ್ಕೆ ಜಿಗಿದು ಹೊಡೆಯುವ ಗುದ್ದು, ಕಾದಿರುತ್ತದೆ. ಅತ್ತ ದರಿ, ಇತ್ತ ಪುಲಿ.

ಈಗ ಕಝುಯಾನಿಗೆ ಪಕ್ಕಕ್ಕೆ ಸರಿಯುವ ಅವಕಾಶ ಕೊಡಿ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಮುಗಿಯಿತು, ಚೆಂಡು ದಾಟಿ ಹೋಯಿತು. ರ್ಯು ಎರಡು ದಶಕದಿಂದ ಕಟ್ಟಿಕೊಂಡು ಬಂದದ್ದೆಲ್ಲ ಆ ಒಂದು ಹೆಜ್ಜೆಗೆ ಬಿದ್ದುಹೋಗುತ್ತದೆ. ಅದನ್ನು ಸರಿದೂಗಿಸಲು ಹಡೋಕೆನ್ ಪಕ್ಕಕ್ಕೂ ಬೆನ್ನಟ್ಟುವ ಹಾಗೆ ಮಾಡಿದಿರಿ ಅನ್ನಿ, ಆಗ ಸೈಡ್‌ಸ್ಟೆಪ್ ಸುಮ್ನೆ ತೋರಿಕೆಗೆ. ಇಬ್ಬರಲ್ಲಿ ಒಬ್ಬರು ಏನನ್ನಾದರೂ ಬಿಟ್ಟುಕೊಡಲೇಬೇಕು. ಅರ್ಧ ಅರ್ಧ ಗೇಮ್ ಮಾಡಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಆಗುತ್ತದೆ. ರ್ಯು ಅಭಿಮಾನಿಗೂ ಬೇಡ, ನಿಮಗೂ ಬೇಡ.

2010ರ ಜುಲೈನಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್-ಕಾನ್‌ನಲ್ಲಿ ಕ್ಯಾಪ್‌ಕಾಮ್‌ನ ಯೊಶಿನೊರಿ ಒನೊ, ನ್ಯಾಮ್ಕೊದ ಕತ್ಸುಹಿರೊ ಹರಾಡ ಒಂದಲ್ಲ, ಎರಡು ಗೇಮ್ ಘೋಷಿಸಿದ್ದು ಇದೇ ಕಾರಣಕ್ಕೆ ಅಂತ ನನ್ನ ನಂಬಿಕೆ. ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್ ಅನ್ನು ಕ್ಯಾಪ್‌ಕಾಮ್ ಮಾಡುತ್ತದೆ, ತನ್ನ ನಿಯಮದಲ್ಲಿ. ಟೆಕ್ಕೆನ್ ಕ್ರಾಸ್ ಸ್ಟ್ರೀಟ್ ಫೈಟರ್ ಅನ್ನು ನ್ಯಾಮ್ಕೊ ಮಾಡುತ್ತದೆ, ತನ್ನ ನಿಯಮದಲ್ಲಿ. (ಪೆಟ್ಟಿಗೆ ಮೇಲೆ ಎಕ್ಸ್ ಅಂತ ಬರೆದಿರುತ್ತದೆ, ಓದಬೇಕಾದ್ದು ಕ್ರಾಸ್ ಅಂತ. ನಮ್ಮ ಪ್ರೂಫ್ ನೋಡುವವರು ಇನ್ನೂ ತಪ್ಪು ಮಾಡುತ್ತಿದ್ದಾರೆ.) ಒಂದು ಸಲ ಕಝುಯಾ ನೆಂಟ, ಇನ್ನೊಂದು ಸಲ ರ್ಯು ನೆಂಟ.

ಇಷ್ಟಕ್ಕೂ ನೆಂಟನಿಗೆ ಇವರು ಅಷ್ಟೇನೂ ಅನ್ಯಾಯ ಮಾಡಿಲ್ಲ. ಈ ಗೇಮ್‌ನಲ್ಲಿ ಇಬ್ಬಿಬ್ಬರ ಜೋಡಿ. ಜೋಡಿಯಲ್ಲಿ ಒಬ್ಬ ಬಿದ್ದರೂ ರೌಂಡ್ ಮುಗಿಯಿತು. ಹೊರಗೆ ನಿಂತವನಿಗೆ ಕಳಕೊಂಡ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲ? 1999ರ ‘ಟೆಕ್ಕೆನ್ ಟ್ಯಾಗ್ ಟೂರ್ನಮೆಂಟ್’ ಗೇಮ್ ನೆನಪು ಮಾಡಿಕೊಳ್ಳಿ. ಮೆಲ್ಲಗಿನ ಹೊಡೆತದಿಂದ ಜೋರಿನದಕ್ಕೆ ಸಾಲಾಗಿ ಪೋಣಿಸಿ, ಎದುರಾಳಿಯನ್ನು ಮೇಲಕ್ಕೆಸೆದು, ಅವನು ಕೆಳಗೆ ಬೀಳುವಷ್ಟರಲ್ಲಿ ಜೊತೆಗಾರನನ್ನು ಒಳಗೆ ಕರೆಸಿ ಹೊಡೆತ ಮುಂದುವರಿಸುವುದೂ ಇದೆ. ಸ್ಟ್ರೀಟ್ ಫೈಟರ್ 4 ಆಡುವವರು ಇದನ್ನು ನೋಡಿ ಮೂಗು ಮುರಿಯುತ್ತಿದ್ದಾರೆ. ನಿಮಗೆ ಇದು ಮನೆಯ ಊಟ. ಅಂಗಳ ಕ್ಯಾಪ್‌ಕಾಮ್‌ನದ್ದು, ನಿಜ. ಆದರೆ ಗೋಡೆ ಕಟ್ಟುವಾಗ ಕೆಲವು ಕಲ್ಲುಗಳನ್ನು ಟೆಕ್ಕೆನ್‌ನಿಂದಲೇ ತಂದಿದ್ದಾರೆ.

ಎರಡು ಎದುರಾಳಿ ಕಂಪನಿಗಳು ಕೈಕುಲುಕುವುದು ಹೊಸದೇನಲ್ಲ. ಕ್ಯಾಪ್‌ಕಾಮ್ ಮತ್ತು ಎಸ್‌ಎನ್‌ಕೆ ಕಥೆ ನಿಮಗೆ ಗೊತ್ತಿರಬಹುದು. ಗೊತ್ತಿದ್ದರೂ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದ ಕಥೆ ಅದು. 1987ರ ಮೊದಲ ಸ್ಟ್ರೀಟ್ ಫೈಟರ್ ನಿರ್ದೇಶಿಸಿದ್ದು ತಕಾಶಿ ನಿಶಿಯಾಮ. ಅದು ಮುಗಿದ ಮೇಲೆ ಅವರು ಎದುರು ಕಂಪನಿ ಎಸ್‌ಎನ್‌ಕೆಗೆ ಹೋದರು. ಅಲ್ಲಿ 1991ರಲ್ಲಿ ಅದೇ ಜಾತಿಯ ಗೇಮ್ ಫೇಟಲ್ ಫ್ಯೂರಿ ಬಂತು, ಮರುವರ್ಷ ಆರ್ಟ್ ಆಫ್ ಫೈಟಿಂಗ್. ಆರ್ಟ್ ಆಫ್ ಫೈಟಿಂಗ್‌ನ ರ್ಯೊ ಸಕಜಾಕಿ ಕಿತ್ತಳೆ ಬಣ್ಣದ ಉಡುಪು ತೊಟ್ಟು ಅಂಗೈಯಿಂದ ಚೆಂಡು ಎಸೆಯುತ್ತಿದ್ದ. ಕ್ಯಾಪ್‌ಕಾಮ್ ಸುಮ್ಮನೆ ಕೂರಲಿಲ್ಲ. 1995ರಲ್ಲಿ ಡ್ಯಾನ್ ಹಿಬಿಕಿ ಅನ್ನುವವನನ್ನು ಹುಟ್ಟಿಸಿತು. ಗುಲಾಬಿ ಉಡುಪು, ಬಾಯಿ ತುಂಬಾ ಬಡಾಯಿ, ಎಸೆದ ಚೆಂಡು ಮಾರು ದೂರವೂ ಹೋಗುವುದಿಲ್ಲ. ರ್ಯೊನ ಕಾಲೆಳೆಯಲೆಂದೇ ಮಾಡಿದ ಪಾತ್ರ! ಇಷ್ಟು ಎಣ್ಣೆ ಸೀಗೆಕಾಯಿ ಆಗಿದ್ದವರು 1999ರಲ್ಲಿ ಒಂದೇ ಗೇಮ್‌ನಲ್ಲಿ ಬಂದರು, ಎಸ್‌ಎನ್‌ಕೆಯ ನಿಯೋ ಜಿಯೋ ಪಾಕೆಟ್ ಕಲರ್ ಎಂಬ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದಲ್ಲಿ. 2000ದಲ್ಲಿ ಕ್ಯಾಪ್‌ಕಾಮ್ ತನ್ನ ಕಡೆಯಿಂದ ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ ತಂದಿತು, 2001ರಲ್ಲಿ ಅದರ ಎರಡನೆಯದು.

ನಿಮ್ಮ ಅರ್ಧ ಅರ್ಧ ಆಸೆಗೆ ಹತ್ತಿರ ಬಂದ ಗೇಮ್ ಇದ್ದರೆ ಆ ಎರಡನೆಯದೇ. ಅದರಲ್ಲಿ ಆರು ‘ಗ್ರೂವ್’ಗಳಿದ್ದವು. ಗ್ರೂವ್ ಅಂದರೆ ಆಡುವವರು ಆರಿಸಿಕೊಳ್ಳುವ ನಿಯಮದ ಕಂತೆ. ಸಿ, ಎ, ಪಿ ಕ್ಯಾಪ್‌ಕಾಮ್ ರೀತಿಯವು. ಎಸ್, ಎನ್, ಕೆ ಎಸ್‌ಎನ್‌ಕೆ ರೀತಿಯವು. ಯಾವ ಪಾತ್ರಕ್ಕೆ ಬೇಕಾದರೂ ಯಾವ ಗ್ರೂವ್ ಬೇಕಾದರೂ ಹಾಕಬಹುದು. ರ್ಯು ಎಸ್‌ಎನ್‌ಕೆ ನಿಯಮದಲ್ಲಿ ಆಡಬಹುದು, ಫೇಟಲ್ ಫ್ಯೂರಿಯ ಟೆರಿ ಕ್ಯಾಪ್‌ಕಾಮ್ ನಿಯಮದಲ್ಲಿ. ಯಾರ ನಿಯಮ ಅನ್ನುವ ಜಗಳವನ್ನು ಆಡುವವರ ಕೈಗೇ ಕೊಟ್ಟುಬಿಟ್ಟರು. ಎಂಥ ಬುದ್ಧಿವಂತಿಕೆ! ಆದರೆ ಅದು ನಡೆದದ್ದು ಎರಡೂ ಕಡೆಯವರು ಒಂದೇ ಗೆರೆ ಮೇಲೆ ಹಿಂದೆ ಮುಂದೆ ಓಡಾಡುವವರಾಗಿದ್ದರಿಂದ. ಹಾಗಿದ್ದೂ ಬಟನ್ ಎಷ್ಟು ಅನ್ನುವುದರಲ್ಲಿ ಒದ್ದಾಡಿದರು. ಮೊದಲನೆಯದರಲ್ಲಿ ಎಸ್‌ಎನ್‌ಕೆ ರೀತಿಯ ನಾಲ್ಕು, ಎರಡನೆಯದರಲ್ಲಿ ಕ್ಯಾಪ್‌ಕಾಮ್ ರೀತಿಯ ಆರು. ಟೆಕ್ಕೆನ್ ಗೆರೆಯನ್ನೇ ಅಳಿಸಿದ ಗೇಮ್. ಅದಕ್ಕೆ ಗ್ರೂವ್ ಹೊಲಿಯುವುದು ಹೇಗೆ?

ಇನ್ನೊಂದು ತಿರುವು ಕೇಳಿ. ಅದೇ ನಿಶಿಯಾಮ ಎಸ್‌ಎನ್‌ಕೆ ಬಿಟ್ಟು 2000ದಲ್ಲಿ ಡಿಂಪ್ಸ್ ಎಂಬ ಕಂಪನಿ ಕಟ್ಟಿದರು. ಸ್ಟ್ರೀಟ್ ಫೈಟರ್ 4 ಮಾಡುವಾಗ ಕ್ಯಾಪ್‌ಕಾಮ್ ಜೊತೆ ಕೈಜೋಡಿಸಿದ್ದು ಆ ಡಿಂಪ್ಸ್. ಈಗ ಬರುತ್ತಿರುವ ಗೇಮ್‌ನಲ್ಲೂ ಅವರ ಕೈಯಿದೆ. ಕಂಪನಿಗಳ ನಡುವಿನ ಬೇಲಿ ನಾವು ಅಭಿಮಾನಿಗಳು ಅಂದುಕೊಂಡಷ್ಟು ಎತ್ತರ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ಹೌದು, ಇದು ವ್ಯಾಪಾರ. ಆದರೆ ನನ್ನ ಅನುಮಾನ ಇರುವುದು ಪಾತ್ರಗಳ ಬಗ್ಗೆ ಅಲ್ಲ, ‘ಜೆಮ್’ಗಳ ಬಗ್ಗೆ. ಪ್ರತಿ ಪಾತ್ರಕ್ಕೂ ಐದು ಜೆಮ್ ತೊಡಿಸಬಹುದು. ಕೆಲವು ಹೊಡೆತದ ಬಲ ಹೆಚ್ಚಿಸುತ್ತವೆ, ಕೆಲವು ವೇಗ, ಕೆಲವು ಹೊಸಬರಿಗೆ ನೆರವಾಗುತ್ತವೆ. ಅವುಗಳಲ್ಲಿ ಕೆಲವನ್ನು ಮುಂಗಡ ಬುಕ್ ಮಾಡಿದವರಿಗೆ ಕೊಡುತ್ತೇವೆ ಅಂದಿದ್ದಾರೆ. ಇದು ನನಗೆ ಹಿಡಿಸಿಲ್ಲ. ಚೆಸ್ ಆಡುವಾಗ ಬೋರ್ಡ್ ಬೇಗ ಕೊಂಡವನಿಗೆ ಒಂದು ಕುದುರೆ ಜಾಸ್ತಿ ಕೊಟ್ಟ ಹಾಗಾಯಿತು. ಟೂರ್ನಮೆಂಟ್ ನಡೆಸುವವರ ಪಾಡು ಬೇರೆ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಎರಡು ಪಾತ್ರ, ಪಾತ್ರಕ್ಕೆ ಐದು ಜೆಮ್. ಆಟಕ್ಕಿಂತ ತಯಾರಿಯೇ ಉದ್ದವಾಗುತ್ತದೆ. ಈ ಮಾತನ್ನು ಕಳೆದ ಲೇಖನದಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ, ಅದು ನಮ್ಮ ತಪ್ಪು. ಜೆಮ್ ಆಸೆಗೆ ಮುಂಗಡ ಬುಕ್ ಮಾಡಬೇಡಿ. ಅಮೆರಿಕದಲ್ಲಿ ಗೇಮ್ 2012ರ ಮಾರ್ಚ್ 6ಕ್ಕೆ ಬರುತ್ತದೆ, ಅದೇ ವಾರ ಜಪಾನ್ ಮತ್ತು ಯುರೋಪಿನಲ್ಲಿ. ಒಂದೆರಡು ವಾರ ಬೇರೆಯವರು ಆಡುವುದನ್ನು ನೋಡಿ, ಆಮೇಲೆ ತೀರ್ಮಾನ ಮಾಡಿ.

ಕಝುಯಾನ ಮರ್ಯಾದೆ ಬಗ್ಗೆ ನಿಮಗೆ ಅಷ್ಟೊಂದು ಚಿಂತೆ ಇದ್ದರೆ, ಚಿಂತಿಸಬೇಕಾದ್ದು ರ್ಯು ಬಗ್ಗೆ ಅಲ್ಲ. ಪ್ಲೇಸ್ಟೇಷನ್ 3ರಲ್ಲಿ ಟೋರೊ, ಕುರೊ ಎಂಬ ಎರಡು ಬೆಕ್ಕುಗಳೂ ಕಣದಲ್ಲಿವೆ. ಬೆಕ್ಕಿನ ಕೈಯಲ್ಲಿ ಸೋತರೆ ಯಾವ ಸೈಡ್‌ಸ್ಟೆಪ್ ಕೂಡ ಕಾಪಾಡುವುದಿಲ್ಲ.

ನ್ಯಾಮ್ಕೊದ ಪಾಲಿನ ಗೇಮ್ ಬೇಗ ಬರುವ ಹಾಗೆ ಕಾಣುತ್ತಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಟೆಕ್ಕೆನ್ ಟ್ಯಾಗ್ 2 ಜಪಾನಿನ ಆರ್ಕೇಡ್‌ಗಳಿಗೆ ಬಂದಿದೆ, ಅವರ ಗಮನವೆಲ್ಲ ಅದರ ಮೇಲಿದೆ. ಆದರೆ ಅದು ಬಂದ ದಿನ ರ್ಯು ನಿಮ್ಮ ಅಂಗಳಕ್ಕೆ ಕಾಲಿಡುತ್ತಾನೆ. ಹಡೋಕೆನ್ ಎಸೆಯುತ್ತಾನೆ, ನೀವು ಆರಾಮಾಗಿ ಪಕ್ಕಕ್ಕೆ ಸರಿಯುತ್ತೀರಿ. ಮರುವಾರ ಯಾರೋ ಸ್ಟ್ರೀಟ್ ಫೈಟರ್ ಅಭಿಮಾನಿ ನನಗೆ ಇದೇ ಥರ ಸಿಟ್ಟಿನ ಪತ್ರ ಬರೆಯುತ್ತಾರೆ. ಅದನ್ನು ನಿಮಗೇ ಕಳಿಸಿಕೊಡುತ್ತೇನೆ. ಉತ್ತರ ನೀವೇ ಬರೆಯಬೇಕು.

— ಸಂಪಾದಕ