ಅಜ್ಜಿ ಹೋದ ಸುದ್ದಿ ದೂರದಲ್ಲಿ ಕೇಳಿದವನಿಗೆ

ತಮ್ಮಾ, ನೀನು ಬರೆದದ್ದು ಓದಿದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಎರಡೂವರೆ ತಿಂಗಳು ಆಗಿದೆ, ಅಷ್ಟರಲ್ಲೇ ನಿನ್ನನ್ನು ಸಾಕಿದ ಅಜ್ಜಿ ಊರಲ್ಲಿ ತೀರಿಕೊಂಡರು. ಹೋಗೋಕೆ ಆಗಲಿಲ್ಲ. ಹೊಸ ಕೆಲಸ, ಮ್ಯಾನೇಜರ್‌ಗೆ ಹೇಳೋಕೂ ಹಿಂಜರಿಕೆ. "ಇಲ್ಲಿ ಇರೋರು ಇದನ್ನೆಲ್ಲ ಹೇಗೆ ತಡ್ಕೋತೀರಿ ಅಕ್ಕ, ಇಷ್ಟು ದೂರದಿಂದ ಅವರಿಗೆ ಅಂತ ಏನು ಮಾಡಬಹುದು" ಎಂದು ಕೇಳಿದ್ದೀಯ. ನಿನ್ನ ವಯಸ್ಸಿನ ಮಗ ನನಗಿದ್ದಾನೆ. ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ಮೊದಲು ರಜೆ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ ಒಂದು ಕಾನೂನು ಇದೆ. ಐದು ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಂಪನಿಯಲ್ಲಿ 30 ದಿನ ಪೂರೈಸಿದ್ದರೆ, ಮನೆಯವರು ತೀರಿಕೊಂಡಾಗ 5 ದಿನದವರೆಗೆ ರಜೆ ಕೊಡಲೇಬೇಕು. ಅಜ್ಜಿ ತಾತನೂ ಅದರಲ್ಲಿ ಸೇರಿದ್ದಾರೆ. ಐದೂ ದಿನ ಒಟ್ಟಿಗೇ ತಗೋಬೇಕು ಅಂತಿಲ್ಲ, ಅವರು ತೀರಿಕೊಂಡ ದಿನದಿಂದ 3 ತಿಂಗಳೊಳಗೆ ಮುಗಿಸಿದರೆ ಸಾಕು. ಆ ದಿನಗಳಿಗೆ ಸಂಬಳ ಬರುತ್ತೋ ಇಲ್ಲವೋ ಅನ್ನೋದು ಕಂಪನಿ ನಿಯಮದ ಮೇಲೆ. ಬರದಿದ್ದರೆ ನಿನ್ನ ಹೆಸರಲ್ಲಿ ಕೂಡಿರುವ ರಜೆಯನ್ನು ಅದಕ್ಕೆ ಬಳಸಬಹುದು. ದಾಖಲೆ ಕೇಳಿದರೆ ಇರಲಿ, ಮರಣ ಪ್ರಮಾಣಪತ್ರದ ಫೋಟೊ ಊರಿಂದ ತರಿಸಿಟ್ಟುಕೋ. ಇದರಲ್ಲಿ ಹೆದರೋಕೆ ಏನೂ ಇಲ್ಲ. ನಾಳೆಯೇ ಹೇಳು.

ಹೋಗೋಕೆ ಆಗಲಿಲ್ಲ ಅನ್ನೋ ಸಂಕಟಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಆದರೆ ಒಂದು ಮಾತು ಹೇಳುತ್ತೇನೆ, ಸಮಾಧಾನಕ್ಕೆ ಅಂತ ಅಲ್ಲ. ಸುದ್ದಿ ಬಂದ ಗಳಿಗೆಯಲ್ಲೇ ಹೊರಟರೂ ಇಲ್ಲಿಂದ ನಿನ್ನೂರು ಮುಟ್ಟೋಕೆ ಒಂದು ದಿನಕ್ಕಿಂತ ಜಾಸ್ತಿ ಬೇಕು. ನಮ್ಮ ಕಡೆ ಅಷ್ಟು ಹೊತ್ತು ಯಾರೂ ಕಾಯೋದಿಲ್ಲ. ಕಡೆಗಾಲದಲ್ಲಿ ಮುಖ ನೋಡೋದು ಒಂದು. ಅವರ ಬಾಳನ್ನು ತಿಳ್ಕೊಳ್ಳೋದು ಇನ್ನೊಂದು. ಎರಡನೆಯದಕ್ಕೆ ನೀನು ಎಲ್ಲಿದ್ದರೂ ನಡೆಯುತ್ತೆ.

ನಮ್ಮ ಅತ್ತೆ ಬಗ್ಗೆ ಹೇಳಿದರೆ ನಿನಗೆ ಅರ್ಥವಾಗುತ್ತೆ. ಅವರು ಹೋಗಿದ್ದು 2021ರ ಮೇ ತಿಂಗಳಲ್ಲಿ. ಕೊರೊನಾ ಅಲ್ಲ, ವಯಸ್ಸಾಗಿತ್ತು. ಆದರೆ ಕರ್ನಾಟಕದಲ್ಲಿ ಲಾಕ್‌ಡೌನ್ ಇತ್ತು. ಮಣ್ಣಿಗೆ ಐದೇ ಜನ ಅಂತ ನಿಯಮ. ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಮನೆಯ ಹಿರಿಯಳನ್ನು ಹೊಲದಲ್ಲಿ, ಮಾವನ ಪಕ್ಕದಲ್ಲಿ, ಬೆರಳೆಣಿಕೆ ಜನ ಸೇರಿ ಮಣ್ಣು ಮಾಡಿದರು. ಅಲ್ಲಿ ಬೆಳಗ್ಗೆ, ಇಲ್ಲಿ ಹಿಂದಿನ ದಿನದ ಸಂಜೆ. ನಾವು ಫೋನಿನಲ್ಲಿ ನೋಡಿದೆವು.

ಅತ್ತೆ ಮಳವಳ್ಳಿ ತಾಲ್ಲೂಕಿನವರು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಹಾಕಿದ್ದರು. ಕನ್ನಂಬಾಡಿ ಕಟ್ಟೆ ಕೆಲಸ ಮುಗಿಯೋ ಹೊತ್ತಿಗೆ ಹುಟ್ಟಿದ್ದು ಅಂತ ಅವರೇ ಹೇಳುತ್ತಿದ್ದರು. ಅಂದರೆ 1931ರ ಆಸುಪಾಸು. ಸ್ವಾತಂತ್ರ್ಯ ಬರೋಕೆ ಮುಂಚೆಯೇ ಮದುವೆ ಆಯಿತು. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಅತ್ತೆ ಮಾತ್ರ ಆರೂ ಮಕ್ಕಳನ್ನು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಹೆತ್ತರು.

ಅವರ ಮನೆಯಲ್ಲಿ ರೇಷ್ಮೆ ಇತ್ತು. ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊಟ್ಟೆ ಒಡೆದ ಹುಳ ಗೂಡು ಕಟ್ಟೋಕೆ ಹೆಚ್ಚು ಕಡಿಮೆ 4 ವಾರ. ಆ ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಅಂದರೆ ತಿನ್ನೋದು ಬಿಟ್ಟು ಪೊರೆ ಕಳಚುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡು ಅದರ ಹಸಿವು! ಬಾಳೆಲ್ಲ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕಡೇ ವಾರದಲ್ಲೇ ತಿನ್ನುತ್ತೆ. ಹಗಲು ಸೊಪ್ಪು ಕೊಯ್ದು ತರಬೇಕು, ರಾತ್ರಿಯೂ ಎದ್ದು ಹಾಕಬೇಕು, ತಟ್ಟೆಯ ಕಸ ತೆಗೆಯಬೇಕು. ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡಬೇಕು. ಒಂದು ರಾತ್ರಿ ಸೋಮಾರಿತನ ಮಾಡಿದರೆ ಬೆಳೆ ಕೆಟ್ಟಿತು. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ದು ಮಾರಿ ದುಡ್ಡು ತರುತ್ತಿದ್ದದ್ದು ಮಾವ. ಹಾಗಾಗಿ ಊರಲ್ಲಿ ಎಲ್ಲರೂ ಮಾವನನ್ನು ಒಳ್ಳೆ ರೇಷ್ಮೆ ಬೆಳೆಗಾರ ಅನ್ನುತ್ತಿದ್ದರು. ರಾತ್ರಿ ಎದ್ದು ಸೊಪ್ಪು ಹಾಕಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಇದು ನನಗೆ ಈಗಲೂ ನೋವಿನ ವಿಷಯ.

ಆಮೇಲೆ ಮಾವನಿಗೆ ಲಕ್ವ ಹೊಡೆಯಿತು. ಆರು ವರ್ಷ ಮಲಗಿದ್ದಲ್ಲೇ ಇದ್ದರು. ಅತ್ತೆ ಅವರನ್ನು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು, ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಾವೇ ತಿನ್ನಿಸುತ್ತಿದ್ದರು. ಆರು ವರ್ಷದಲ್ಲಿ ಬೆನ್ನಿನ ಮೇಲೆ ಒಂದು ಹುಣ್ಣಾಗಲಿಲ್ಲ. ಮಲಗಿದ ರೋಗಿಯನ್ನು ನೋಡಿಕೊಂಡವರಿಗೆ ಗೊತ್ತು, ಅದು ಎಂಥ ಕೆಲಸ ಅಂತ.

ಅರವತ್ತರ ಹತ್ತಿರ ಅಕ್ಷರ ಕಲಿತರು. 90ರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂತಲ್ಲ, ಆಗ. ಅದಕ್ಕೆ ಮುಂಚೆ ಹೆಬ್ಬೆಟ್ಟು. 1999ರಲ್ಲಿ ನನ್ನ ಬಾಣಂತನಕ್ಕೆ ಅಂತ ಇಲ್ಲಿ ಫ್ರೀಮಾಂಟಿಗೆ ಬಂದಾಗ, ವಿಮಾನದಲ್ಲಿ ಕೊಟ್ಟ ಫಾರಂಗೆ ತಾವೇ ಕನ್ನಡದಲ್ಲಿ ಸಹಿ ಹಾಕಿದ್ದರು. ತಂದಿದ್ದ ಕರಿಬೇವಿನ ಸೊಪ್ಪನ್ನು ಏರ್‌ಪೋರ್ಟಿನಲ್ಲಿ ತೆಗೆಸಿಬಿಟ್ಟರು. ಹಸಿ ಸೊಪ್ಪು ಇಲ್ಲಿಗೆ ತರುವಂತಿಲ್ಲ, ನಿಮ್ಮ ಅಮ್ಮನಿಗೂ ಹೇಳಿಡು. ಬಾಣಂತಿ ಖಾರ, ಮೆಂತ್ಯದ ಹಿಟ್ಟು ಉಳಿದವು. ಮಗು ಇಡೀ ರಾತ್ರಿ ಅಳುತ್ತಿತ್ತು. ನಾನು ಏಳೋಕೆ ಹೋದರೆ, "ಮಲೀಕೊ ಮಗ. ಹುಳ ಸಾಕಿದೋಳ್ಗೆ ಕೂಸು ಸಾಕೋದು ಹೆಚ್ಚಾ?" ಅನ್ನುತ್ತಿದ್ದರು. ವಿಸಿಟರ್ ವೀಸಾದಲ್ಲಿ ಕೊಟ್ಟಿದ್ದು 6 ತಿಂಗಳು. ಅಷ್ಟೂ ದಿನ ಇದ್ದು ಹೋದರು. ಗ್ರೀನ್ ಕಾರ್ಡ್ ಮಾಡಿಸೋಣ ಅಂತ ನನ್ನ ಗಂಡ ಆಮೇಲೆ ಎಷ್ಟೋ ಸಲ ಕೇಳಿದರು. ಅವರು ಒಪ್ಪಲಿಲ್ಲ. ಹೊಲ ಬಿಟ್ಟು ಬರೋಕೆ ಅವರಿಗೆ ಇಷ್ಟ ಇರಲಿಲ್ಲ. ನಿಮ್ಮ ಅಜ್ಜಿಯನ್ನು ಇಲ್ಲಿಗೆ ಕರೆಸಿಕೊಳ್ಳಬೇಕಿತ್ತೇನೋ ಅಂತ ನೀನು ಕೊರಗುತ್ತಿದ್ದೀಯ. ಅವರೂ ಬರುತ್ತಿರಲಿಲ್ಲ ಅನ್ನಿಸುತ್ತೆ ನನಗೆ.

ಇಷ್ಟೂ ನನಗೆ ಗೊತ್ತಾಗಿದ್ದು ಹೇಗೆ ಅಂದರೆ, ಅತ್ತೆ ಹೋದ ಮೇಲೆ ವಾರ ವಾರ ನಾದಿನಿಯರಿಗೆ ಫೋನ್ ಮಾಡಿ ಕೇಳಿದೆ, ಅವರು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಟ್ಟೆ. ನಿನಗೂ ಅದನ್ನೇ ಹೇಳೋದು. ಅಜ್ಜಿ ಒಳ್ಳೆಯವರು, ದೇವರಂಥವರು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅಷ್ಟಕ್ಕೇ ಬಿಡಬೇಡ. ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು, ಸ್ವಂತಕ್ಕೆ ಅಂತ ಕೂಡಿಟ್ಟ ದುಡ್ಡು ಇತ್ತಾ, ಯಾವುದಕ್ಕೆ ಖರ್ಚಾಯಿತು, ಯಾವ ಮಗುವನ್ನು ಕಳೆದುಕೊಂಡರು, ಯಾರ ಜೊತೆ ಜಗಳ ಆಡಿದರು, ಎಲ್ಲ ಕೇಳು. ಮೊದಲು ಅಜ್ಜಿಯ ತಂಗಿಯರು, ಓರಗಿತ್ತಿಯರು ಯಾರಾದರೂ ಇದ್ದರೆ ಅವರನ್ನು ಕೇಳು. ಅವರಿಗೂ ವಯಸ್ಸಾಗಿದೆ. ರಜೆಯಲ್ಲಿ ಒಂದು ದಿನ ಇದಕ್ಕೇ ಇಡು. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಸಂಜೆ ಏಳಕ್ಕೆ ಮಾಡಿದರೆ ಅಲ್ಲಿ ಬೆಳಗ್ಗೆ ಏಳೂವರೆ, ಕಾಫಿ ಹೊತ್ತು.

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಅತ್ತೆಗೆ ಇಷ್ಟ ಅಂತ ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು, ಒಂದು ಹೊಸ ಸೀರೆ. ವಾರದ ದಿನ ಬಿದ್ದರೂ ಸಂಜೆ ಮಾಡುತ್ತೇವೆ. ನೀನೂ ಬಾ. ವರ್ಷ ತುಂಬುವ ತನಕ ಎಡೆ ಬೇಡ ಅನ್ನೋ ಮನೆಗಳೂ ಇವೆ, ನಿಮ್ಮ ಪದ್ಧತಿ ಏನು ಅಂತ ಅಮ್ಮನನ್ನು ಕೇಳಿಕೋ. ಇಡಬಹುದು ಅಂದರೆ ನಿಮ್ಮ ಅಜ್ಜಿಗೆ ಏನು ಇಷ್ಟ ಅಂತ ಎರಡು ದಿನ ಮುಂಚೆ ತಿಳಿಸು, ಅದನ್ನೂ ಮಾಡೋಣ. ಬೇಡ ಅಂದರೆ ಊಟಕ್ಕೆ ಬಾ, ಆ ರೆಕಾರ್ಡಿಂಗ್‌ಗಳನ್ನೂ ಕೇಳಿಸುತ್ತೇನೆ.