ಮನೆ ಇಲ್ಲದವರ ಓಟು ಕಳ್ಳ ಓಟಾ?

ಬಸ್ ಸ್ಟ್ಯಾಂಡಿನಲ್ಲಿ ಮಲಗುವವರನ್ನೂ ವಿಳಾಸದ ದಾಖಲೆ ಇಲ್ಲದೆ ಮತದಾರರ ಪಟ್ಟಿಗೆ ಸೇರಿಸುತ್ತಾರಂತೆ, ಕಳ್ಳ ಓಟಿಗೆ ಇದೇ ದಾರಿ ಅಲ್ವಾ ಅಂತ ಕೇಳಿದ್ದೀರಿ.

ಸೇರಿಸುತ್ತಾರೆ, ಹೌದು. ಆದರೆ ಸುಮ್ನೆ ಅಲ್ಲ. ನಾನು ಕೊಡಗಿನ ವಿರಾಜಪೇಟೆ ಕ್ಷೇತ್ರದಲ್ಲಿ ಕೆಲವು ವರ್ಷ ಬಿಎಲ್‌ಓ (ಒಂದು ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಕೆಲಸ ಮಾಡಿದ ಮೇಷ್ಟ್ರು, ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಮನೆ ಇಲ್ಲದವರು ಹೆಸರು ಸೇರಿಸುವ ಅರ್ಜಿಯಾದ ಫಾರಂ 6ರಲ್ಲಿ ತಾವು ಮಲಗುವ ಜಾಗ ಬರೆಯಬೇಕು. ಬಿಎಲ್‌ಓ ರಾತ್ರಿ ಹೊತ್ತು ಅಲ್ಲಿಗೆ ಹೋಗಿ ನೋಡಬೇಕು, ಅದೂ ಒಂದೇ ರಾತ್ರಿ ಅಲ್ಲ. ಆ ವ್ಯಕ್ತಿ ಅಲ್ಲೇ ಮಲಗುವುದು ಖಾತ್ರಿ ಆದರೆ ವಿಳಾಸಕ್ಕೆ ಬೇರೆ ಕಾಗದ ಬೇಡ. ನಮ್ಮ ಪೇಟೆಯ ಒಂದು ಅಂಗಡಿ ಜಗಲಿಗೆ ನಾನು ಟಾರ್ಚು ಹಿಡಿದು ಹೋಗಿದ್ದೆ. ಮೊದಲ ದಿನ ಬರೀ ಗೋಣಿಚೀಲ ಇತ್ತು, ಆಳಿಲ್ಲ. ಆಮೇಲೆ ಎರಡು ರಾತ್ರಿ ಸಿಕ್ಕಿದ. ಎಷ್ಟು ವರ್ಷ ಆಯ್ತಪ್ಪಾ ಅಂದರೆ "ಈ ಮಳೆಗೆ ನಾಲ್ಕು" ಅಂದ. ಮರುದಿನ ಅಂಗಡಿಯವರು ನನ್ನನ್ನು ಹುಡುಕಿಕೊಂಡು ಬಂದರು. "ಸಾರ್, ನಮ್ಮ ಅಂಗಡಿ ನಂಬರ್ ಬರೀಬೇಡಿ, ನಾಳೆ ಜಾಗ ನಂದು ಅಂದರೆ?" ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರಿಗೂ ಜಾಗದ ಹಕ್ಕು ಬರುವುದಿಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನ ಆಗಲಿಲ್ಲ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವವರ ಹೆಸರು ಬರೆಯಲು ಹೋದಾಗಲೂ ಕೆಲವು ತೋಟದ ಲೆಕ್ಕ ನೋಡುವ ರೈಟರ್‌ಗಳದ್ದು ಇದೇ ಭಯ.

2025ರ ಆಗಸ್ಟಿನಲ್ಲಿ ಬೆಂಗಳೂರಿನ ಮಹದೇವಪುರ ಕ್ಷೇತ್ರದ ಪಟ್ಟಿಯಲ್ಲಿ ಕಳ್ಳ ಓಟಿದೆ ಅನ್ನುವ ಗಲಾಟೆ ಎದ್ದಾಗ 'ಮನೆ ನಂಬರ್ 0' ಅಂತ ಎಲ್ಲರೂ ಮಾತಾಡಿದರಲ್ಲ, ಮನೆಗೆ ನಂಬರ್ ಇಲ್ಲದಿದ್ದರೆ ಸೊನ್ನೆ ಹಾಕುತ್ತೇವೆ ಅಂತ ಮುಖ್ಯ ಚುನಾವಣಾ ಆಯುಕ್ತರು ಆಗ ಹೇಳಿದ್ದರು. ಸೊನ್ನೆ ಕಂಡ ಕೂಡಲೇ ಕಳ್ಳ ಅನ್ನಲಾಗದು. ಹಾಗಂತ ಪ್ರತಿ ಸೊನ್ನೆಯೂ ಸರಿ ಅಂತಲೂ ಅಲ್ಲ, ಹೋಗಿ ನೋಡಿದರೇ ಗೊತ್ತಾಗುವುದು.

ಮನೆ ಕಳೆದುಕೊಂಡವರ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಪುನರ್ವಸತಿ ಆಯಿತು. ಅಂದರೆ ವಿರಾಜಪೇಟೆ ಕ್ಷೇತ್ರದಿಂದ ಮಡಿಕೇರಿ ಕ್ಷೇತ್ರಕ್ಕೆ. ನಡುವೆ ಪ್ಲಾಸ್ಟಿಕ್ ಹೊದಿಕೆ ಕೆಳಗೆ ಕಳೆದ ತಿಂಗಳುಗಳಲ್ಲಿ ಅವರು ಯಾವ ಊರಿನವರೂ ಅಲ್ಲ ಅನ್ನಲು ಆಗುತ್ತಾ?

ವಾಸದ ವಿಷಯದಲ್ಲಿ 1950ರ ಪ್ರಜಾಪ್ರತಿನಿಧಿ ಕಾಯ್ದೆ ಕೇಳುವುದು ನೀವು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾ, ಅಂದರೆ ಮಾಮೂಲಾಗಿ ಅಲ್ಲೇ ಇರುವವರಾ ಅಂತ ಮಾತ್ರ. ಅಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ನಿವಾಸಿ ಆಗುವುದಿಲ್ಲ ಅಂತ 20ನೇ ಕಲಂ ಬಾಯಿಬಿಟ್ಟೇ ಹೇಳುತ್ತದೆ. ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ಇದೇ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದು, ಪುತ್ತರಿ ಹಬ್ಬಕ್ಕೆ ಊರಿಗೆ ಬಂದು ಹೋಗುವವರ ಹೆಸರು ಅಲ್ಲೂ ಇರುತ್ತದೆ, ಇಲ್ಲೂ ಇರುತ್ತದೆ. ಇಲ್ಲಿಂದ ತೆಗೆಸಿ ಅಂದರೆ "ನಮ್ಮ ಐನ್‌ಮನೆ ಇದೆಯಲ್ಲ ಮೇಷ್ಟ್ರೇ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಐನ್‌ಮನೆ ಅಂದರೆ ಕೊಡವ ಕುಟುಂಬದ ಹಿರಿಯರ ಮನೆ. ಎರಡು ಕಡೆ ಹೆಸರು ಇರುವಂತಿಲ್ಲ (17ನೇ ಕಲಂ). ಸುಳ್ಳು ಹೇಳಿಕೆ ಕೊಟ್ಟು ಹೆಸರು ಸೇರಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಆದರೆ ಐನ್‌ಮನೆ ಇರುವವರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ, ಜಗಲಿಯವನನ್ನು ಮಾತ್ರ ನೋಡುತ್ತಾರೆ.

ಹಾಗಾದರೆ ತೂತೇ ಇಲ್ವಾ? ಇದೆ. ಆನೆ ಓಡಾಡುವ ದಾರಿಯಲ್ಲಿ ರಾತ್ರಿ ಹೋಗಲು ಹೆದರಿ ಬಿಎಲ್‌ಓ ಮನೆಯಲ್ಲೇ ಕೂತು ಸಹಿ ಹಾಕಿದರೆ ಇಡೀ ವ್ಯವಸ್ಥೆ ಅಲ್ಲೇ ಬಿತ್ತು. ಇನ್ನೊಂದು, ಜಾಗ ಬಿಟ್ಟು ಹೋದವನ ಹೆಸರು ತೆಗೆಯಬೇಕಾದರೆ ಅವನ ಮಾತು ಕೇಳಲು ಅವಕಾಶ ಕೊಡಬೇಕು, ನೋಟಿಸು ಯಾವ ಬಾಗಿಲಿಗೆ ಅಂಟಿಸುವುದು ಹೇಳಿ?

ನಿಮ್ಮ ಊರಿನ ಪಟ್ಟಿಯಲ್ಲಿ ಅನುಮಾನದ ಹೆಸರು ಇದ್ದರೆ ಆಕ್ಷೇಪಣೆಯ ಅರ್ಜಿ ಫಾರಂ 7 ಕೊಡಿ, ತಪ್ಪೇನಿಲ್ಲ. ಆದರೆ ಹಗಲು ಹೋಗಿ ನೋಡಿ ಇಲ್ಲಿ ಯಾರೂ ಇಲ್ಲ ಅಂತ ಬರೆದು ಕೊಡಬೇಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ಹೋಗಿ.