ರೈಫಲ್ ನಳಿಗೆಗೆ ಅಂಟಿದ ತಾಮ್ರ ತೆಗೆಯುವುದು ಹೇಗೆ?

ಉಡುಪಿಯ ನಿಮ್ಮ ಮನೆಯ ಪಾಯಿಂಟ್ 315 ರೈಫಲ್‌ಗೆ ಎಷ್ಟು ಎಣ್ಣೆ ಹಾಕಿ ಉಜ್ಜಿದರೂ ನಳಿಗೆಯ ಬಾಯಲ್ಲಿ ಕೆಂಪು ಹೊಳಪು ಹೋಗುತ್ತಿಲ್ಲ ಅಂದಿರಿ ಅಲ್ವಾ? ಅದು ಗುಂಡಿನ ಹೊದಿಕೆಯ ತಾಮ್ರ. ಎಣ್ಣೆಗೆ ಜಗ್ಗುವುದಿಲ್ಲ.

ಕೋವಿ ಖಾಲಿ ಇದೆಯೇ ನೋಡಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು ಹಿಂದಿನಿಂದಲೇ ಕ್ಲೀನಿಂಗ್ ರಾಡ್ ಹಾಕಿ. ಮೊದಲು ಮದ್ದಿನ ಮಸಿ ತೆಗೆಯಿರಿ. ಆಮೇಲೆ ಕಿಟಕಿ ತೆರೆದಿಟ್ಟು ಅಮೋನಿಯಾ ಇರುವ ಸಾಲ್ವೆಂಟ್ (ತಾಮ್ರ ಕರಗಿಸುವ ದ್ರವ) ಹಚ್ಚಿ, ಬಾಟಲಿ ಮೇಲೆ ಬರೆದಷ್ಟೇ ಹೊತ್ತು ಬಿಡಿ. ಬಿಳಿ ಬಟ್ಟೆ ತುಂಡು ನೀಲಿಯಾಗಿ ಬಂದರೆ ತಾಮ್ರ ಕರಗುತ್ತಿದೆ ಅಂತ ಅರ್ಥ. ನೀಲಿ ನಿಲ್ಲುವವರೆಗೆ ಮತ್ತೆ ಮಾಡಿ. ಬ್ರಶ್ ನೈಲಾನಿನದೇ ಇರಲಿ. ಕಂಚಿನದಾದರೆ ಅದೂ ಕರಗಿ ನೀಲಿ ಬಿಡುತ್ತದೆ, ಸುಮ್ನೆ ಉಜ್ಜುತ್ತಲೇ ಇರುತ್ತೀರಿ.

ಕೊನೆಗೆ ಸಾಲ್ವೆಂಟ್ ಪೂರ್ತಿ ಒರೆಸಿ ಎಣ್ಣೆ ಸವರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಾಮ್ರಕ್ಕಿಂತ ತುಕ್ಕಿನ ಕಾಟವೇ ಜಾಸ್ತಿ. ಗುಂಡು ಹಾರಿಸುವ ಮೊದಲು ಆ ಎಣ್ಣೆಯನ್ನೂ ಒರೆಸಿ.